ಇನ್ನೂ ಬಾರದ ಸ್ಪ್ರಿಂಗ್

ಬಂದೂಕಿನ ನಳಿಗೆಯೊಳಗೆ ಒಂದು ಊರಿದೆ ಎಂದು ಅಜ್ಜ ಹೇಳುತ್ತಿದ್ದ. ಬಿಚ್ಚಿದ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರೆ, ಉಂಗುರದೊಳಗೆ ಉಂಗುರ, ಅದರೊಳಗೆ ಮತ್ತೊಂದು, ಬೆಳ್ಳಿಯ ಬಾವಿಯನ್ನು ಅಡ್ಡ ಮಲಗಿಸಿದ ಹಾಗೆ ಕಾಣುತ್ತದೆ. ಆ ತುದಿಯಲ್ಲಿ ನಾಣ್ಯದಷ್ಟು ಆಕಾಶ. ಕಿಟಕಿಯ ಅಡ್ಡಪಟ್ಟಿಯ ನೆರಳು ಒಂದು ಗೆರೆಯಾಗಿ ಒಳಗೆಲ್ಲ ಹರಿದಿರುತ್ತದೆ. ಗೆರೆ ನೆಟ್ಟಗಿದ್ದರೆ ನಳಿಗೆ ನೆಟ್ಟಗಿದೆ. ಗೆರೆ ಕೊಂಕಿದ ಕಡೆ ನಳಿಗೆ ಡೊಂಕಾಗಿದೆ. ಇಷ್ಟು ನೋಡಲು ಅರ್ಧ ನಿಮಿಷ ಸಾಕು. ಅಜ್ಜ ಅರ್ಧ ಗಂಟೆ ನೋಡುತ್ತಿದ್ದ.

“ರೀ, ಆ ಕಡೆಯಿಂದ ಯಾರಾದ್ರೂ ಕೈ ಬೀಸಿದ್ರಾ?” ಒಳಗಿನಿಂದ ಅಜ್ಜಿ ಕೇಳುವಳು.

“ಇನ್ನೂ ಇಲ್ಲ ಕಣೇ. ಬೀಸಿದ್ರೆ ಮೊದಲು ನಿನಗೇ ಹೇಳ್ತೀನಿ.”

ಕನ್ನಡಕದ ಅಂಗಡಿಗೂ ಸೈಕಲ್ ಟೈರಿನ ಅಂಗಡಿಗೂ ನಡುವೆ, ಇಬ್ಬರು ದಪ್ಪನೆಯವರ ಮಧ್ಯೆ ಬೆಂಚಿನಲ್ಲಿ ಸಿಕ್ಕಿಕೊಂಡವನ ಹಾಗೆ, ಅಜ್ಜನ ಬಂದೂಕು ರಿಪೇರಿ ಅಂಗಡಿ. ಉದ್ದಕ್ಕೆ ಹನ್ನೆರಡು ಹೆಜ್ಜೆ, ಅಗಲಕ್ಕೆ ಐದು. ಕಿಟಕಿಯ ಕೆಳಗೆ ಕೆಲಸದ ಮೇಜು, ಮರಕ್ಕೆ ಗಾಯವಾಗದಿರಲೆಂದು ಬಾಯಿಗೆ ಚರ್ಮ ಕಟ್ಟಿದ, ಬಂದೂಕನ್ನು ಕಚ್ಚಿ ಹಿಡಿಯುವ ವೈಸ್, ಅಗಸೆ ಎಣ್ಣೆಯ ಡಬ್ಬಿ, ಗೋಡೆಗೆ ಕಬ್ಬಿಣದ ಜಾಲರಿಯ ಬೀರು. ಬೀರುವಿನಲ್ಲಿ ಹನ್ನೊಂದು ಬಂದೂಕುಗಳು ತಲೆ ಮೇಲೆ ಮಾಡಿ ನಿಂತೇ ನಿದ್ದೆ ಹೋಗಿದ್ದವು. ಅಂಗಡಿಯ ಹಿಂದೆ ಅಡುಗೆಮನೆ. ಅಲ್ಲಿಂದ ಒಂದು ಬಾಗಿಲು ಓಣಿಯ ನಲ್ಲಿಯ ಕಡೆ ತೆರೆಯುತ್ತಿತ್ತು.

ಊರಿನವರು ಅವನನ್ನು ಸ್ಪ್ರಿಂಗಜ್ಜ ಎನ್ನುತ್ತಿದ್ದರು. ಯಾರು ಬಂದು “ನನ್ನ ಬಂದೂಕು ಆಯ್ತಾ?” ಎಂದರೂ ಅವನದು ಒಂದೇ ಉತ್ತರ: “ಸ್ಪ್ರಿಂಗ್ ಬಂದಿಲ್ಲ.” ಮದುವೆಗೆ ಒಪ್ಪದ ಮಗಳು, ಮುಗಿಯದ ರಸ್ತೆ, ಬಾರದ ಬಸ್ಸು ಎಲ್ಲಕ್ಕೂ ಜನ ಅದೇ ಮಾತು ಹೇಳಿ ನಗುತ್ತಿದ್ದರು. ಸ್ಪ್ರಿಂಗಜ್ಜ ತಾನೂ ನಗುತ್ತಿದ್ದ. ಸೋಮಾರಿ ಎಂದರೆ ಅವನಿಗೆ ಬೇಜಾರಿರಲಿಲ್ಲ. ಚುರುಕಿನವನು ಎಂದರೆ ಮಾತ್ರ ಅವನ ಮುಖ ಸಪ್ಪಗಾಗುತ್ತಿತ್ತು.

ಒಂದು ಕಾಲದಲ್ಲಿ ಅವನೇ ಆ ಊರಿನ ಚುರುಕು ಕೈ. ಬೆಳಗ್ಗೆ ಕೊಟ್ಟರೆ ಸಂಜೆಗೆ ಸಿದ್ಧ. ಮೂವತ್ತರ ಹರೆಯದಲ್ಲಿ ಒಂದು ದಿನ ಒಬ್ಬಾತ ಟ್ರಿಗರ್ ಬಿಗಿಯಾಗಿದೆ ಎಂದು ಬಂದೂಕು ಕೊಟ್ಟು ಹೋದ. ಅವನು ತಿರುವು ದಾಟುವಷ್ಟರಲ್ಲಿ ಅವನ ಅಕ್ಕ ಬಂದಳು. ಒದ್ದೆ ಕೊಡೆಯನ್ನು ಮಡಚದೆ ಬಾಗಿಲಲ್ಲೇ ನಿಂತು, “ಎರಡು ದಿನ ಬಿಟ್ಟು ಕೊಟ್ಟರೂ ನಡೆಯುತ್ತೆ ಅಲ್ವಾ?” ಎಂದಳು.

“ನಮ್ಮಲ್ಲಿ ತಡ ಅನ್ನೋದೇ ಇಲ್ಲ ಅಮ್ಮ. ನಾಲ್ಕು ಗಂಟೆಗೆ ರೆಡಿ.”

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಏನೋ ಹೇಳುವವಳಂತೆ ಅವನ ಕೈಗಳನ್ನು ನೋಡಿದಳು. ಹೋದಳು. ನಾಲ್ಕು ಗಂಟೆಗೆ ಬಂದೂಕು ಹೋಯಿತು. ಆ ರಾತ್ರಿ ಅವಳ ತಮ್ಮ ಅದೇ ಬಂದೂಕಿನಿಂದ ಗುಂಡು ಹಾರಿಸಿಕೊಂಡ. ಮಾರನೆಯ ದಿನದ ಪೊಲೀಸ್ ಕಾಗದದಲ್ಲಿ ‘ಸುಸ್ಥಿತಿಯಲ್ಲಿದ್ದ ಬಂದೂಕು’ ಎಂದು ಬರೆದಿತ್ತಂತೆ. ಅವನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅವನ ಕೆಲಸಕ್ಕೆ ಸರ್ಕಾರ ಕೊಟ್ಟ ಮೊದಲ ಮೆಚ್ಚುಗೆ ಅದು. ಅಂಗಡಿ ಇಪ್ಪತ್ತು ದಿನ ತೆರೆಯಲಿಲ್ಲ.

ತೆರೆದ ಮೇಲೆ ಅವನು ನಿಧಾನವಾದ.

ಇದನ್ನು ಅವನು ಯಾರಿಗೂ ಸಾರಲಿಲ್ಲ. ಆದರೂ ಆಸ್ಪತ್ರೆಯ ಸಾಲಿನಲ್ಲಿ, ನಲ್ಲಿಯ ಬಳಿ, ಹೊಲಿಗೆ ಅಂಗಡಿಯ ಬೆಂಚಿನ ಮೇಲೆ ಅದು ಹೆಂಗಸರಿಂದ ಹೆಂಗಸರಿಗೆ ದಾಟಿತು. ಮನೆಯ ಗಂಡಸಿನ ಬಗ್ಗೆ ಎದೆಯಲ್ಲಿ ಅಳುಕಿದ್ದವರು ತುಕ್ಕು ಹಿಡಿದಿದೆ, ಸರ್ವಿಸ್ ಆಗಬೇಕು ಎಂದು ಏನೋ ನೆಪ ಹೂಡಿ ಬಂದೂಕನ್ನು ಅವನ ಅಂಗಡಿಗೆ ಕಳಿಸುತ್ತಿದ್ದರು. ಆಮೇಲೆ ಹಿಂಬಾಗಿಲಿಗೆ ಬಂದು, “ನಿಧಾನಕ್ಕೆ ಮಾಡಿ ಅಣ್ಣ,” ಎನ್ನುತ್ತಿದ್ದರು. ಅಷ್ಟೇ. ಯಾಕೆ ಎಂದು ಅವನು ಕೇಳುತ್ತಿರಲಿಲ್ಲ. ಅಜ್ಜಿ ಒಂದು ಲೋಟ ಚಹಾ ಕೊಡುತ್ತಿದ್ದಳು. ಬಂದೂಕಿಗೆ ಎಣ್ಣೆ ಸವರಿ, ಮೆತ್ತನೆಯ ಬಟ್ಟೆ ಸುತ್ತಿ, ಅದರ ಕುತ್ತಿಗೆಗೆ ಒಂದು ಕಂದು ಚೀಟಿ ಕಟ್ಟುತ್ತಿದ್ದ: ‘ಎಜೆಕ್ಟರ್ ಸ್ಪ್ರಿಂಗ್ ಬಂದಿಲ್ಲ.’ ಸುಟ್ಟ ತೋಟಾದ ಖಾಲಿ ಕೊಳವೆಯನ್ನು ಹೊರಕ್ಕೆ ಚಿಮ್ಮಿಸುವ ಪುಟ್ಟ ಸ್ಪ್ರಿಂಗ್ ಅದು. ಎಲ್ಲೋ ದೂರದ ಕಾರ್ಖಾನೆಯಿಂದ ಬರಬೇಕು ಎಂದರೆ ಯಾರಾದರೂ ನಂಬುವಂಥದ್ದು.

ದಿನಗಳು ಹೋಗುತ್ತಿದ್ದವು. ಮನೆಯೊಳಗೆ ಏನೋ ಬಿಸಿ ಆರುತ್ತಿತ್ತು. ಅದೇ ಹೆಂಗಸು ಮತ್ತೆ ಹಿಂಬಾಗಿಲಿಗೆ ಬಂದು, “ಈಗ ಸ್ಪ್ರಿಂಗ್ ಬಂದ್ರೂ ಬರಬಹುದು ಅಣ್ಣ,” ಎಂದರೆ ಮಾರನೆಯ ದಿನವೇ ಸ್ಪ್ರಿಂಗ್ ಬಂದುಬಿಡುತ್ತಿತ್ತು. ಕೆಲವು ಬಂದೂಕುಗಳಿಗೆ ಎರಡು ವಾರ ಸಾಕಾಗುತ್ತಿತ್ತು. ಕೆಲವಕ್ಕೆ ವರ್ಷ ಹಿಡಿಯುತ್ತಿತ್ತು. ಮಧ್ಯಾಹ್ನದ ಬಿಸಿಲು ಜಾಲರಿಯ ಮೇಲೆ ಬಿದ್ದಾಗ, ಅಷ್ಟು ಕಾಲ ಮಲಗಿದ ಬಂದೂಕುಗಳ ಮರದ ಹಿಡಿಗಳು ಕಬ್ಬಿಣವನ್ನು ಮೆಲ್ಲಗೆ ಮರೆತು ಮತ್ತೆ ಮರವಾಗುತ್ತಿವೆ, ಇನ್ನೇನು ಚಿಗುರೊಡೆಯುತ್ತವೆ ಎಂದು ಅಜ್ಜನಿಗೆ ಅನ್ನಿಸುತ್ತಿತ್ತು.

“ಎಲೆ ಉದುರಿದ್ರೆ ಗುಡಿಸೋಳು ನಾನು. ಚಿಗುರೋದು ಬೇಡ ಅಂತ ಹೇಳಿ ಅವಕ್ಕೆ,” ಎಂದಳು ಅಜ್ಜಿ.

ಹನ್ನೊಂದರಲ್ಲಿ ಏಳನೆಯದು ಪ್ರೆಸ್ ಯಜಮಾನನದು. ಅವನ ಅಪ್ಪನ ಕಾಲದ ಜೋಡಿನಳಿಗೆ. ಯಜಮಾನನ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಅಚ್ಚಾದದ್ದು ಬಂದೂಕು ಲೈಸೆನ್ಸಿನ ನೀಲಿ ಪುಸ್ತಕ. ಆರು ವರ್ಷದ ಹಿಂದೆ ಸರ್ಕಾರ ಬಂದೂಕು ಕಾನೂನು ತಿದ್ದಲು ಒಂದು ಸಮಿತಿ ಮಾಡಿತು. ಸಮಿತಿ ಮಾಡಿದ ಮೊದಲ ಕೆಲಸ ಆ ನೀಲಿ ಪುಸ್ತಕ ತೆಗೆದು ಪ್ಲಾಸ್ಟಿಕ್ ಕಾರ್ಡು ತಂದದ್ದು. ಯಂತ್ರ ನಿಂತಿತು. ಅಚ್ಚಿನ ಮೊಳೆಗಳ ಖಾನೆಗಳಲ್ಲಿ ಜೇಡ ಮನೆ ಮಾಡಿತು. ಯಜಮಾನ ಜಗುಲಿಯಲ್ಲಿ ಕೂತು ಬಂದೂಕು ಒರೆಸತೊಡಗಿದ.

“ಬೇಟೆಗೆ ಹೋಗಿ ಇಪ್ಪತ್ತು ವರ್ಷ ಆಯ್ತು ಅಣ್ಣ,” ಎಂದಿದ್ದಳು ಅವನ ಹೆಂಡತಿ, ಹಿಂಬಾಗಿಲಲ್ಲಿ ಖಾಲಿ ಕೊಡ ಹಿಡಿದು. “ಒರೆಸೋದು ಮಾತ್ರ ನಿಲ್ಸಲ್ಲ. ಮೊನ್ನೆ ಕರೆದ್ರೆ ನನ್ನ ಕಡೆ ನೋಡಿದ್ರು, ಆದ್ರೆ ನೋಡಿದ್ದು ನನ್ನನ್ನಲ್ಲ.” ಅವಳೊಬ್ಬಳು ಮಾತ್ರ ಕೇಳದೆಯೇ ಕಾರಣ ಹೇಳಿದವಳು. ಬಂದೂಕು ಬಂದು ಹತ್ತು ತಿಂಗಳಾಗಿತ್ತು.

ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಯಜಮಾನ ಅಂಗಡಿಗೆ ಬರುವನು.

“ಬಂತೇನಯ್ಯಾ?”

“ಎಲ್ಲಿ ಬರುತ್ತೆ. ಆ ಕಂಪನಿಗೇ ಬೀಗ ಬಿದ್ದಿದೆಯಂತೆ.”

“ಹಂಗಾದ್ರೆ ಇನ್ನೊಂದು ವಾರ,” ಎಂದು ಕೂರುವನು. ಪತ್ರಿಕೆ ಬಿಡಿಸಿ, ಮೊದಲು ಅಚ್ಚಿನ ತಪ್ಪುಗಳಿಗೆ ಬೈದು, ಆಮೇಲೆ ಕಾನೂನಿನ ಸುದ್ದಿ ಓದುವನು. ಸಮಿತಿ ಉಪಸಮಿತಿಯಾಯಿತು. ಉಪಸಮಿತಿ ಕರಡು ಕೊಟ್ಟಿತು. ಕರಡಿಗೆ ಜನರ ಅಭಿಪ್ರಾಯ ಕೇಳಿದರು. ನಾಲ್ಕು ಸಾವಿರ ಅಭಿಪ್ರಾಯ ಬಂದವು, ಅವನ್ನು ಓದಲು ಇನ್ನೊಂದು ಸಮಿತಿ.

“ಅವರಿಗೂ ನಿಮ್ಮ ಸ್ಪ್ರಿಂಗೇ ಬೇಕಾಗಿರಬೇಕು,” ಎಂದು ಅಜ್ಜಿ ಚಹಾ ಇಟ್ಟಳು.

ಆ ಕರಡಿನ ಹದಿನಾಲ್ಕನೆಯ ಕಲಮನ್ನು ಅಜ್ಜ ಪತ್ರಿಕೆಯಿಂದ ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದ. ಮನೆಯವರು ಯಾರಾದರೂ ಕಚೇರಿಗೆ ಗುಟ್ಟಾಗಿ ತಿಳಿಸಬಹುದು. ಹೇಳಿದವರ ಹೆಸರು ಹೊರಬೀಳುವುದಿಲ್ಲ. ವಿಚಾರಣೆ ಮುಗಿಯುವ ತನಕ ಬಂದೂಕು ಮನೆಯಲ್ಲಿ ಇರುವುದಿಲ್ಲ. ಅದನ್ನು ಓದಿದಾಗೆಲ್ಲ ತನ್ನ ಹಿಂಬಾಗಿಲು ದೊಡ್ಡದಾಗುತ್ತಾ, ಎತ್ತರವಾಗುತ್ತಾ, ಕಂಬ ಮೆಟ್ಟಿಲುಗಳಿರುವ ಸರ್ಕಾರಿ ಕಟ್ಟಡದ ಬಾಗಿಲಾದಂತೆ ಅವನಿಗೆ ಕಾಣುತ್ತಿತ್ತು. ಅದರ ಮುಂದೆ ಆ ಒದ್ದೆ ಕೊಡೆಯವಳು ನಿಂತಿದ್ದಾಳೆ. ಒಳಗಿನಿಂದ ಯಾರೋ, ಬನ್ನಿ ಅಮ್ಮ, ಕೂತ್ಕೊಳ್ಳಿ, ಅನ್ನುತ್ತಾರೆ.

ಕಾನೂನು ಬಂತು. ಎರಡು ಹಂತದಲ್ಲಿ ಬಂತು. ಮೊದಲನೆಯ ಹಂತದಲ್ಲಿ ರಿಪೇರಿಯವರ ಸರದಿ. ಪ್ರತಿ ಬಂದೂಕೂ ದಾಖಲಾಗಬೇಕು, ಮೂವತ್ತು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಗಡುವು ಮುಗಿದರೆ ಮಾಲೀಕನಿಗೆ ವಾಪಸ್ಸು. ಮೊದಲೇ ಇದ್ದವಕ್ಕೆ ಕಾನೂನು ಬಂದ ದಿನದಿಂದ ಲೆಕ್ಕ. ಹದಿನಾಲ್ಕನೆಯ ಕಲಮು ಎರಡನೆಯ ಹಂತದ್ದು. ಕಚೇರಿಗಳು ಸಿದ್ಧವಾದ ಮೇಲೆ.

ಗುರುವಾರ ತಪಾಸಣೆಗೆ ಬಂದವಳು ಚಿಕ್ಕ ವಯಸ್ಸಿನ ಇನ್‌ಸ್ಪೆಕ್ಟರ್. ಬೂಟು ಬಾಗಿಲಲ್ಲೇ ಒರೆಸಿ ಒಳಬಂದಳು. ಹನ್ನೊಂದು ಚೀಟಿಗಳನ್ನೂ ಓದಿದಳು. ಓದುತ್ತಾ ಹೋದಂತೆ ಅವಳ ಹುಬ್ಬು ಒಂದೊಂದೇ ಕೂದಲೆಳೆಯಷ್ಟು ಮೇಲೇರಿತು.

“ಅಜ್ಜಾ, ಹನ್ನೊಂದಕ್ಕೂ ಒಂದೇ ಸ್ಪ್ರಿಂಗ್ ಹೋಗಿದೆಯಾ?”

“ನಮ್ಮೂರ ಹವಾ ಹಂಗಿದೆ ಮೇಡಂ.”

“ಹವಾ.” ಅವಳು ಏಳನೆಯದನ್ನು ತೆಗೆದು, ಬಟ್ಟೆ ಬಿಚ್ಚಿ, ಖಾಲಿಯಿದೆಯೆಂದು ನೋಡಿ, ನಳಿಗೆಯ ಬುಡದಲ್ಲಿ ಬೆರಳಾಡಿಸಿದಳು. ಬಂದೂಕು ಹಿಡಿದ ರೀತಿಯಲ್ಲೇ ಅಜ್ಜನಿಗೆ ತನ್ನ ಕಥೆ ಮುಗಿಯಿತು ಎಂದು ಗೊತ್ತಾಯಿತು. “ಇದಕ್ಕೆ ಎಜೆಕ್ಟರೇ ಇಲ್ಲವಲ್ಲ. ಖಾಲಿ ತೋಟಾ ಕೈಯಲ್ಲೇ ಎಳೀಬೇಕು. ಇದು ಅಷ್ಟು ಹಳೇ ಬಂದೂಕು. ಇಲ್ಲದ ಸ್ಪ್ರಿಂಗು ಎಲ್ಲಿಂದ ಬರಬೇಕು?”

ನಲವತ್ತೈದು ವರ್ಷದಲ್ಲಿ ಬಂದೂಕಿನ ವಿಷಯದಲ್ಲಿ ಅಜ್ಜ ಮಾಡಿದ ಒಂದೇ ತಪ್ಪು ಅದು. ಚೀಟಿಗಳನ್ನು ಒಂದೇ ಮಧ್ಯಾಹ್ನ ಕೂತು ಒಟ್ಟಿಗೆ ಬರೆದಿಟ್ಟಿದ್ದ. ಕಟ್ಟುವಾಗ ಬಂದೂಕು ಯಾವುದೆಂದು ನೋಡಿರಲಿಲ್ಲ.

“ನಾನು ಆವತ್ತೇ ಬಡ್ಕೊಂಡೆ,” ಒಳಗಿನಿಂದ ಅಜ್ಜಿಯ ದನಿ, “ಒಂದೊಂದಕ್ಕೆ ಒಂದೊಂದು ರೋಗ ಬರೀರಿ ಅಂತ!”

ಪಕ್ಕದಲ್ಲಿ ಟೈರಿಗೆ ಗಾಳಿ ಹೊಡೆಯುವ ಸದ್ದು ಕೇಳುತ್ತಿತ್ತು. ಇನ್‌ಸ್ಪೆಕ್ಟರ್ ಸ್ಟೂಲು ಎಳೆದುಕೊಂಡು ಕೂತು, ಪೆನ್ನಿಗೆ ಮುಚ್ಚಳ ಹಾಕಿದಳು. ಅಜ್ಜ ಎಲ್ಲ ಹೇಳಿದ. ಯಾರ ಮನೆ, ಯಾವ ಬೀದಿ ಎಂಬುದನ್ನು ಬಿಟ್ಟು ಎಲ್ಲ. ಒದ್ದೆ ಕೊಡೆಯವರೆಗೂ.

“ಇದ್ಯಾವುದನ್ನೂ ನಾನು ಕೇಳಿಸ್ಕೊಂಡಿಲ್ಲ,” ಎಂದಳು ಅವಳು ಕೊನೆಗೆ. “ಆದ್ರೆ ಮೂವತ್ತು ದಿನ ಮೂವತ್ತೇ ದಿನ ಅಜ್ಜ. ಒಂದು ದಾರಿ ಇದೆ. ಏಳನೇ ನಮೂನೆ ಅಂತ. ನನ್ನ ಬಂದೂಕು ಮನೆಯಲ್ಲಿ ಬೇಡ, ರಿಪೇರಿಯವರ ವಶದಲ್ಲೇ ಇರಲಿ ಅಂತ ಮಾಲೀಕರೇ ಬರೆದು ಕೊಡಬಹುದು. ಸ್ವಂತ ಇಷ್ಟದಿಂದ.”

“ಸ್ವಂತ ಇಷ್ಟ ಇದ್ದಿದ್ರೆ ಹೆಂಗಸರು ನನ್ನ ಹಿಂಬಾಗಿಲಿಗೆ ಯಾಕೆ ಬರ್ತಿದ್ರು ತಾಯಿ?”

ಅವಳು ಏಳನೆಯದಕ್ಕೆ ಮತ್ತೆ ಬಟ್ಟೆ ಸುತ್ತತೊಡಗಿದಳು.

“ಎರಡನೇ ಹಂತ ಯಾವಾಗ?” ಎಂದ ಅಜ್ಜ.

“ಪ್ರಗತಿಯಲ್ಲಿದೆ ಅಂತ ಬರೆಯೋಕೆ ಹೇಳಿದ್ದಾರೆ. ಪ್ರತಿ ತಿಂಗಳೂ ಬರೀತೀನಿ.” ಅವಳು ಎದ್ದು, ಮತ್ತೆ ಪೆನ್ನು ತೆರೆದಳು. “ಹಿಂಬಾಗಿಲಿಗೆ ಬಂದವರು ಒಟ್ಟು ಎಷ್ಟು ಜನ? ಷರಾ ಅಂತ ಒಂದು ಜಾಗ ಇದೆ. ಹೆಸರು ಬೇಡ. ಸಂಖ್ಯೆ ಬರೆದರೆ ಮೇಲಿನವರು ಓದಿದ್ರೂ ಓದಬಹುದು.”

ಅಜ್ಜ ತಲೆ ಕೆರೆದುಕೊಂಡ.

“ಅರವತ್ತಮೂರು,” ಎಂದಳು ಅಜ್ಜಿ ಒಳಗಿನಿಂದ. “ಚಹಾ ಮಾಡಿಕೊಟ್ಟೋಳಿಗೆ ಗೊತ್ತಿರಲ್ವಾ?”

ಮುಂದಿನ ದಿನಗಳಲ್ಲಿ ಅಜ್ಜ ಒಬ್ಬೊಬ್ಬರಿಗೇ ಹೇಳಿ ಕಳಿಸಿದ. ಆರು ಮನೆಗಳಲ್ಲಿ ಬಿಸಿ ಎಂದೋ ಆರಿತ್ತು. ಹೆಂಗಸರೇ ನಕ್ಕು, ಕೊಟ್ಟುಬಿಡಿ ಅಣ್ಣ ಎಂದರು. ಮೂವರು ಮಾಲೀಕರು ಗೊಣಗುತ್ತಾ ಏಳನೇ ನಮೂನೆಗೆ ರುಜು ಹಾಕಿದರು. ಮರದ ಡಿಪೋದವನು ಮಾತ್ರ ಹಾಕಲಿಲ್ಲ. “ನನ್ನ ವಸ್ತು ಬಚ್ಚಿಡೋಕೆ ನೀನ್ಯಾರೋ ಮುದುಕಾ?” ಎಂದು ಬಂದೂಕು ಕಿತ್ತುಕೊಂಡು ಹೋದ. ಬೀದಿಯ ಎದುರು ಬದಿಯಲ್ಲಿ ಅವನ ತಾಯಿ ನಿಂತಿದ್ದಳು. ಅವಳು ಅಜ್ಜನನ್ನು ದೂರಲಿಲ್ಲ. ಮಗನಿಂದ ಹತ್ತು ಹೆಜ್ಜೆ ಹಿಂದೆ, ಅವನ ನೆರಳನ್ನು ತುಳಿಯದ ಹಾಗೆ ನಡೆದು ಹೋದಳು. ಆವತ್ತು ಅಜ್ಜ ಊಟಕ್ಕೆ ಏಳಲಿಲ್ಲ. ಮಧ್ಯಾಹ್ನವೆಲ್ಲ ಖಾಲಿ ನಳಿಗೆಯೊಂದನ್ನು ಕಿಟಕಿಗೆ ಹಿಡಿದು ಕೂತಿದ್ದ. ಅಜ್ಜಿ ತಮಾಷೆಯ ಪ್ರಶ್ನೆ ಕೇಳಲಿಲ್ಲ. ಅಂದಿನಿಂದ ದಿನವೂ ಡಿಪೋದ ಮುಂದೆ ಹಾದು ಬರುವುದು ಅವನ ಸಂಜೆಯ ದಾರಿಯಾಯಿತು. ಜಗುಲಿಯಲ್ಲಿ ಆ ತಾಯಿ ಕೂತಿರುವುದು ಕಂಡರೆ ಸಾಕು, ಹೆಜ್ಜೆ ಹಗುರಾಗುತ್ತಿತ್ತು.

ಏಳನೆಯ ಬಂದೂಕು ಉಳಿಯಿತು. ಮಂಗಳವಾರಗಳು ಬಂದವು, ಹೋದವು. ಯಜಮಾನ “ಬಂತೇನಯ್ಯಾ?” ಎಂದಾಗ ಅಜ್ಜನ ನಾಲಿಗೆ ತಾನೇ ತಾನಾಗಿ ಹಳೆಯ ಉತ್ತರ ಹೇಳಿಬಿಡುತ್ತಿತ್ತು. ಬುಧವಾರ ಬೆಳಗ್ಗೆಗೆ ಗಡುವು ಮುಗಿಯುವುದಿತ್ತು. ಸೋಮವಾರ ಯಜಮಾನನ ಹೆಂಡತಿ ಹಿಂಬಾಗಿಲಿಗೆ ಬಂದಳು.

“ಇನ್ನೊಂದೇ ಒಂದು ಸಲ ಸುಳ್ಳು ಹೇಳಿ ಅಣ್ಣ.”

“ಸುಳ್ಳಿಗೂ ಈಗ ಮೂವತ್ತೇ ದಿನ ತಂಗಿ.”

ಅವಳು ಕೊಡವನ್ನು ನಲ್ಲಿಯ ಕೆಳಗೆ ಇಟ್ಟಳು. ನೀರು ತುಂಬಿ ಹರಿಯಿತು. ಅವಳು ನಲ್ಲಿ ನಿಲ್ಲಿಸುವುದನ್ನು ಮರೆತಿದ್ದಳು.

ಮಂಗಳವಾರ. ಹನ್ನೊಂದು ಗಂಟೆ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ದೂಳಿನ ಕಣಗಳು ಹೊತ್ತು ಗೊತ್ತಿಲ್ಲದವರ ಹಾಗೆ ತೇಲುತ್ತಿದ್ದವು.

“ಬಂತೇನಯ್ಯಾ?”

ಅಜ್ಜ ಬೀರು ತೆರೆದ. ಬಂದೂಕನ್ನು ತಂದು ಮೇಜಿನ ಮೇಲೆ ಮಲಗಿಸಿ, ಬಟ್ಟೆ ಬಿಡಿಸಿ, ನಳಿಗೆಯನ್ನು ಹಿಡಿಯಿಂದ ಬೇರೆ ಮಾಡಿ ಇಟ್ಟ. ಚೀಟಿಯನ್ನು ಬಿಚ್ಚಿ ಯಜಮಾನನ ಮುಂದೆ ಸರಿಸಿದ.

“ಇದಕ್ಕೆ ಆ ಸ್ಪ್ರಿಂಗೇ ಇಲ್ಲ ಕಣಯ್ಯ. ಹನ್ನೊಂದು ತಿಂಗಳು ನಿನಗೆ ಸುಳ್ಳು ಹೇಳ್ದೆ. ಯಾರೂ ನನಗೆ ಹೇಳಿಕೊಟ್ಟಿದ್ದಲ್ಲ. ನಿನ್ನ ಮುಖ ನೋಡಿ ನನಗೇ ಭಯ ಆಯ್ತು, ಇಟ್ಕೊಂಡೆ. ನಾಳೆ ಗಡುವು, ಇಲ್ಲೇ ಇರಲಿ ಅಂದ್ರೆ ಏಳನೇ ನಮೂನೆಗೆ ನೀನೇ ರುಜು ಹಾಕ್ಬೇಕು. ಬೈಯೋದಿದ್ರೆ ನನ್ನನ್ನೇ ಬೈಯಿ.”

ಯಜಮಾನ ಚೀಟಿಯನ್ನು ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಹಿಂದೆ ಮುಂದೆ ತಿರುಗಿಸಿದ. ಅಕ್ಷರದ ತಪ್ಪು ಹುಡುಕುತ್ತಿದ್ದಾನೇನೋ ಎಂಬಂತೆ.

“ನಂಗೆ ಗೊತ್ತಿತ್ತು,” ಎಂದ.

“ಏನು ಗೊತ್ತಿತ್ತು?”

“ಎಜೆಕ್ಟರ್ ಇಲ್ಲ ಅಂತ. ಎಂಟು ವರ್ಷದವನಿದ್ದಾಗ ಅಪ್ಪ ಇದರ ಖಾಲಿ ತೋಟಾ ನನ್ನ ಕೈಯಲ್ಲೇ ಎಳೆಸ್ತಿದ್ರು. ಬೆರಳು ಸುಡೋದು. ಮರೆಯೋಕಾಗುತ್ತಾ?”

“ಗೊತ್ತಿದ್ದೂ ವಾರ ವಾರ ಬಂದು ಕೇಳ್ತಿದ್ದೆಯಾ?”

“ಕೇಳ್ತಿದ್ದೆ.” ಯಜಮಾನ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. “ನೀನು ಸ್ಪ್ರಿಂಗ್ ಬಂದಿಲ್ಲ ಅಂದಾಗೆಲ್ಲ, ಸರಿ, ಇನ್ನೊಂದು ವಾರ ಅಂದ್ಕೊಂಡು ಮನೆಗೆ ಹೋಗ್ತಿದ್ದೆ. ಒಂದು ವಾರ ಅಂದ್ರೆ ಕಮ್ಮಿ ಏನಲ್ಲಯ್ಯ. ಎಷ್ಟೋ ಸಲ ನನ್ನ ಹತ್ರ ಅಷ್ಟೂ ಇರಲಿಲ್ಲ.”

ಟೈರಿನ ಅಂಗಡಿಯವನು ಯಾರನ್ನೋ ಕೂಗಿದ. ಬೀದಿಯಲ್ಲಿ ಗಂಟೆ ಬಾರಿಸುತ್ತಾ ಸೈಕಲ್ಲೊಂದು ಹಾದುಹೋಯಿತು. ಅಜ್ಜನ ಕಣ್ಣು ಮಂಜಾಗಿ, ಮೇಜು, ನಳಿಗೆ, ಗೆಳೆಯನ ಮೊಣಕೈ ಎಲ್ಲ ಒಂದರೊಳಗೊಂದು ಕರಗಿ ಮತ್ತೆ ಬೇರೆಯಾದವು.

“ಕೊಡು ಆ ನಮೂನೆ,” ಎಂದ ಯಜಮಾನ.

ಏಳನೇ ನಮೂನೆಯನ್ನು ಕೈಗೆತ್ತಿಕೊಂಡದ್ದೇ ಅವನು ಮುಖ ಕಿವುಚಿದ. “ಇದೇನಿದು, ಗೆರೆ ಎಲ್ಲಾ ಸೊಟ್ಟ! ಕಾರಣ ಅನ್ನೋ ಕಡೆ ಎರಡೇ ಮಾತು ಹಿಡಿಸೋಷ್ಟು ಜಾಗ. ಆರು ವರ್ಷ ಕೂತು ಕಾನೂನು ಮಾಡಿದೋರಿಗೆ ಕಾರಣ ಬರೆಯೋಕೆ ಇಷ್ಟೇನಾ ಸಿಕ್ಕಿದ್ದು? ನನ್ನ ಪ್ರೆಸ್ಸಿಗೆ ಕೊಟ್ಟಿದ್ರೆ…” ಮಾತು ಅಲ್ಲಿಗೇ ನಿಂತಿತು. ಹನ್ನೊಂದು ತಿಂಗಳಲ್ಲಿ ಅವನು ಪ್ರೆಸ್ಸಿನ ಹೆಸರೆತ್ತಿದ್ದು ಅದೇ ಮೊದಲು. ಪೆನ್ನು ತೆಗೆದುಕೊಂಡು, ಮೊಳೆ ಜೋಡಿಸುವವನ ಹಾಗೆ ಒಂದೊಂದೇ ಅಕ್ಷರ ಇಳಿಸಿದ. ‘ಮನೆಯಲ್ಲಿ ಬೇಡ.’ ಜಾಗ ಸರಿಹೋಯಿತು. ರುಜು ಹಾಕಿದ.

“ಹೊರಗೆ ನಲ್ಲಿ ಹತ್ರ ನನ್ನ ಹೆಂಡತಿ ಅರ್ಧ ಗಂಟೆಯಿಂದ ಅದೇ ಕೊಡ ತುಂಬಿಸ್ತಾ ಇದ್ದಾಳೆ,” ಎಂದ ಪೆನ್ನು ಮುಚ್ಚುತ್ತಾ. “ಒಳಗೆ ಕರೀರಿ ಅತ್ತಿಗೆ. ಪ್ರತಿ ಮಂಗಳವಾರ ನನ್ನ ಹಿಂದೆನೇ ಬರ್ತಾಳೆ. ನಂಗೆ ಕಾಣಲ್ಲ ಅಂದ್ಕೊಂಡಿದ್ದಾಳೆ.”

ಅಜ್ಜಿ ಆಗಲೇ ಹಿಂಬಾಗಿಲು ತೆಗೆದಿದ್ದಳು. “ಬಾರಮ್ಮ, ನಿನ್ನ ಕೊಡಕ್ಕೆ ತಳ ಇದೆಯೋ ಇಲ್ಲವೋ ನೋಡೋಣ,” ಎಂದು ಕರೆದಳು. ಯಜಮಾನನ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಮೇಜಿನ ಮೇಲಿನ ಕಾಗದ ನೋಡಿದಳು. ಗಂಡನನ್ನು ನೋಡಿದಳು. ಅವನೂ ನೋಡಿದ. ಈ ಸಲ ನೋಡಿದ್ದು ಅವಳನ್ನೇ.

ಅಜ್ಜಿ ಚಹಾಕ್ಕೆ ನೀರಿಟ್ಟಳು. ಯಜಮಾನ ಏನು ಮಾಡಬೇಕೆಂದು ತೋಚದವನ ಹಾಗೆ ಮೇಜಿನ ಮೇಲಿದ್ದ ನಳಿಗೆಯನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿದ. ಬಂದೂಕು ಅಷ್ಟು ವರ್ಷ ಅವನ ಮನೆಯಲ್ಲಿದ್ದರೂ ಅದರೊಳಗಿನ ಬೆಳಕನ್ನು ಅವನು ನೋಡಿರಲಿಲ್ಲ. ಉಂಗುರದೊಳಗೆ ಉಂಗುರ. ನಡುವೆ ನೆಟ್ಟಗೆ ಹರಿದ ಒಂದು ಗೆರೆ. ಕೊನೆಯಲ್ಲಿ ನಾಣ್ಯದಷ್ಟು ಆಕಾಶ. ಚಹಾ ಕುದಿಯಿತು, ಜರಡಿ ದಾಟಿತು, ಲೋಟಕ್ಕೆ ಬಿತ್ತು. ಅವನು ಕಣ್ಣು ತೆಗೆಯಲಿಲ್ಲ.

“ಏನಪ್ಪಾ,” ಎಂದಳು ಅಜ್ಜಿ ಲೋಟ ಹಿಡಿದು ಬಂದು, “ಆ ಕಡೆಯಿಂದ ಯಾರಾದ್ರೂ ಕೈ ಬೀಸಿದ್ರಾ?”

“ಇನ್ನೂ ಇಲ್ಲ ಅತ್ತಿಗೆ,” ಎಂದ ಯಜಮಾನ. “ಬರೋ ಮಂಗಳವಾರ ಮತ್ತೆ ನೋಡ್ತೀನಿ.”